ಹೋಲ್ಡಾನ್ ಅಂದರೆ ನಿಲ್ಲುವ ಮನುಷ್ಯ

ಅವರು ಯಾಕೆ ಓಡುತ್ತಿದ್ದರು ಎಂದು ಕೇಳಿದರೆ ನನಗೆ ಇವತ್ತಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಯಾಕೆ ನಿಲ್ಲಿಸಿದರು ಎಂದು ಕೇಳಿದರಂತೂ ಬಾಯಿ ಕಟ್ಟುತ್ತದೆ. ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ಅವರು ಡ್ರೈವರು, ನಾನು ಕಂಡಕ್ಟರು. ಅಷ್ಟು ವರ್ಷ ಜೊತೆಗಿದ್ದೂ ಇಷ್ಟು ತಿಳಿಯಲಿಲ್ಲವೇ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳಿಗೇನು, ಕೇಳುವುದು ಸುಲಭ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡ ಮೇಲೆ ನನ್ನ ಗೊಂದಲ ಕಡಿಮೆಯಾಗಬೇಕಿತ್ತು, ಇನ್ನೂ ಹೆಚ್ಚಾಯಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಟಿಕೆಟ್ ಹರಿಯುವ ಕೈ ಇದು, ಬರವಣಿಗೆಯಲ್ಲಿ ಅಡ್ಡಾದಿಡ್ಡಿ ಹೋದರೆ ಸಹಿಸಿಕೊಳ್ಳಿ.

ಹೆಸರು ಬರೆಯುವುದಿಲ್ಲ. ನಮ್ಮ ಮಾರ್ಗದಲ್ಲಿ ಅವರಿಗೆ ಹೆಸರಿನ ಅಗತ್ಯವೂ ಇರಲಿಲ್ಲ. ಸವಣೂರಿನವರು, ಮುಸಲ್ಮಾನರು, ಹೀಗಾಗಿ ಎಲ್ಲರಿಗೂ ಸಾಹೇಬ್ರು. ನಮ್ಮ ಬಸ್ಸಿಗೆ ಬೋರ್ಡಿನಲ್ಲಿ ಏನೇ ಬರೆದಿರಲಿ, ಜನ ಅನ್ನುತ್ತಿದ್ದದ್ದು ಸಾಹೇಬ್ರ ಗಾಡಿ ಎಂದೇ. ನಾನು ಜಂಗಮರವನು. ಅವರಿಗೆ ನಾನು ಸ್ವಾಮ್ಯಾರು. ಸಾಹೇಬ್ರು ಓಡಿಸುವ ಗಾಡಿಯಲ್ಲಿ ಸ್ವಾಮ್ಯಾರು ಟಿಕೆಟ್ ಕೊಡುತ್ತಾರೆ, ಇನ್ನು ಈ ಗಾಡಿಗೆ ಏನಾದೀತು ಎಂದು ಹಿರೇಕೆರೂರು ನಿಲ್ದಾಣದ ಚಹಾದವನು ಚೇಷ್ಟೆ ಮಾಡುತ್ತಿದ್ದ.

ಸವಣೂರಿನಿಂದ ಹೊರಟು ಶಿಗ್ಗಾಂವಿ, ಬಂಕಾಪುರ, ಹಾನಗಲ್ಲ ದಾಟಿ ಹಿರೇಕೆರೂರಿಗೆ ಹೋಗುವುದು, ಅಲ್ಲಿಂದ ಸಂಜೆ ಅಬಲೂರಿಗೆ ಹೋಗಿ ರಾತ್ರಿ ವಸ್ತಿ ಮಾಡುವುದು, ಬೆಳಿಗ್ಗೆ ಆರಕ್ಕೆ ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ನಮ್ಮ ಹದಿನೆಂಟು ವರ್ಷ ಇಷ್ಟೇ.

ಬಸ್ಸಿನ ಒಂದು ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ಕಂಡಕ್ಟರ್ ‘ರೈಟ್’ ಅಂದರೆ ಗಾಡಿ ಹೊರಡಬೇಕು, ‘ಹೋಲ್ಡಾನ್’ ಅಂದರೆ ನಿಲ್ಲಬೇಕು. ಆದರೆ ಬೇರೆ ಡ್ರೈವರುಗಳು ಗುರುತಿನವರು ಕಂಡರೆ ತಾವೇ ಬ್ರೇಕ್ ಹಾಕುತ್ತಾರೆ. ನಮ್ಮ ಸಾಹೇಬ್ರು ಜಪ್ಪಯ್ಯ ಅಂದರೂ ಹಾಕುತ್ತಿರಲಿಲ್ಲ. ಶಿಗ್ಗಾಂವಿಯಲ್ಲಿ ಕಾಲೇಜು ಓದುತ್ತಿದ್ದ ಅವರ ಮಗಳು ಒಂದು ದಿನ ಸ್ಟಾಪಿಗಿಂತ ಸ್ವಲ್ಪ ಹಿಂದೆ ನಿಂತು ಕೈ ಮಾಡಿದಳಂತೆ. ನಾನು ಹಿಂದಿನ ಸೀಟಿನಲ್ಲಿ ಟಿಕೆಟ್ ಕೊಡುತ್ತಿದ್ದೆ, ನೋಡಲಿಲ್ಲ. ಸಾಹೇಬ್ರು ನೋಡಿದರು, ಮುಂದೆ ಹೋದರು. ಹುಡುಗಿ ಟಂಟಂ ಆಟೋ ಹಿಡಿದು ಅಳುತ್ತ ಮನೆ ಸೇರಿದಳು. ಮರುದಿನ ನಾನು ಕೇಳಿದ್ದಕ್ಕೆ ಅವರ ಉತ್ತರ ಹೀಗಿತ್ತು:

“ಓಡಸೂದು ನನ್ನ ಕೆಲಸ, ನಿಲ್ಲಸೂದು ನಿಮ್ಮ ಕೆಲಸ. ನಾನೂ ನಿಲ್ಲಸಾಕ ಹತ್ತಿದ್ರ ಗಾಡ್ಯಾಗ ಇಬ್ಬರು ಕಂಡಕ್ಟರ ಆಗ್ತೇವಿ ನೋಡ್ರಿ.”

ಇದರ ಉಲ್ಟಾನೂ ಆದದ್ದುಂಟು. ಒಮ್ಮೆ ಹಾನಗಲ್ಲಿನ ಹತ್ತಿರ ಒಬ್ಬ ಅಜ್ಜಿ ತೂಕಡಿಸಿ ಸೀಟಿನಿಂದ ಜಾರುತ್ತಿದ್ದಳು. ನನಗೆ ಬಾಯಿಗೆ ಬಂದದ್ದು ಅದೇ ಮಾತು, “ಹೋಲ್ಡಾನ್ ಅಜ್ಜೀ!” ಅಂದುಬಿಟ್ಟೆ. ಗಾಡಿ ಗಕ್ಕನೆ ನಿಂತಿತು, ಅಲ್ಲಿಯವರೆಗೆ ಬೀಳದಿದ್ದ ಅಜ್ಜಿ ಬಿದ್ದಳು. ಅಜ್ಜಿ ನಮ್ಮಿಬ್ಬರ ವಂಶವನ್ನೂ ಬೈದಳು. ಸಾಹೇಬ್ರು ಕನ್ನಡಿಯಲ್ಲಿ ನೋಡಿ ಮತ್ತೆ ನಾನು ‘ರೈಟ್’ ಅನ್ನುವವರೆಗೆ ಸುಮ್ಮನೆ ಕೂತಿದ್ದರು.

ಇಂಥ ಮನುಷ್ಯ ಐವತ್ತೊಂದನೆಯ ವಯಸ್ಸಿಗೆ ಓಡಲು ಶುರು ಮಾಡಿದರು. ಅದಕ್ಕೂ ಮೊದಲು ಅವರಿಗೆ ನಡೆಯುವುದೆಂದರೂ ಆಗುತ್ತಿರಲಿಲ್ಲ. ಕುಳ್ಳಗಿನ ದೇಹ, ಸ್ಟೇರಿಂಗಿಗೆ ತಾಗುವ ಹೊಟ್ಟೆ, ದವಡೆಯಲ್ಲಿ ಸದಾ ಸವಣೂರ ವೀಳ್ಯದೆಲೆ. ನಿಲ್ದಾಣದಲ್ಲಿ ಚಹಾ ಕೂಡ ಸೀಟಿಗೇ ತರಿಸಿಕೊಳ್ಳುತ್ತಿದ್ದರು.

ಒಂದು ಸಂಜೆ ಅಬಲೂರು ನಾಲ್ಕು ಕಿಲೋಮೀಟರ್ ಇದೆ ಅನ್ನುವಾಗ ಡೀಸೆಲ್ ಪೈಪು ಒಡೆದು ಗಾಡಿ ನಿಂತಿತು. ಮೊಬೈಲಿಗೆ ರೇಂಜಿಲ್ಲ. ಗಾಡಿಯಲ್ಲಿ ಇದ್ದವರು ಏಳೆಂಟು ಮಂದಿ, ಅದರಲ್ಲಿ ಒಬ್ಬಳು ದಿನ ತುಂಬಿದ ಬಸುರಿ. ಸಾಹೇಬ್ರು ಇಳಿದು ಪೈಪು ನೋಡಿದರು, ಆ ಹೆಣ್ಣುಮಗಳನ್ನು ನೋಡಿದರು, ಎಲೆ ಉಗುಳಿದರು, ಓಡತೊಡಗಿದರು. ಖಾಕಿ ಪ್ಯಾಂಟು, ಕಪ್ಪು ಬೂಟು. ಮುಂದಿನ ತಿರುವಿಗೇ ಕೂತುಬಿಡುತ್ತಾರೆ ಎಂದು ನಾನು ಅಂದುಕೊಂಡೆ. ಮುಕ್ಕಾಲು ತಾಸಿನಲ್ಲಿ ಅಬಲೂರಿನಿಂದ ಟ್ರ್ಯಾಕ್ಸ್ ಜೀಪು ಬಂದು ಎಲ್ಲರನ್ನೂ ಕರೆದುಕೊಂಡು ಹೋಯಿತು. ಅದರಲ್ಲಿ ಸಾಹೇಬ್ರು ಇರಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತಿಗೆ ರಸ್ತೆಯ ಮೇಲೆ ಅವರೇ ಬರುವುದು ಕಂಡಿತು, ಅದೂ ಓಡುತ್ತ.

“ಟ್ರ್ಯಾಕ್ಸಿನ್ಯಾಗ ಯಾಕ ಬರಲಿಲ್ರಿ?” ಅಂದೆ.

ಮುಖ ಹಣ್ಣು ಟೊಮೆಟೊ ಆಗಿತ್ತು. ಉಸಿರು ಹಿಡಿಯಲು ತಡಕಾಡುತ್ತ ನಕ್ಕರು. “ಸ್ವಾಮ್ಯಾರ, ನನಗೂ ಒಂದು ಇಂಜಿನ್ ಐತ್ರಿ. ಇಷ್ಟು ದಿನ ಚಾಲೂನ ಮಾಡಿರಲಿಲ್ಲ.”

ಮರುದಿನದಿಂದ ಹುಚ್ಚು ಹತ್ತಿತು. ವಸ್ತಿ ಮುಗಿಸಿ ನಸುಕಿನಲ್ಲಿ ಏಳುವುದು, ನಮಾಜು ಮಾಡುವುದು, ಅಬಲೂರಿನ ಹಳೆಯ ಗುಡಿಯ ಮುಂದಿನಿಂದ ಹೊರಟು ಮುಖ್ಯ ರಸ್ತೆಯವರೆಗೆ ಓಡಿ ಬರುವುದು. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಇವರಿಗೆ ಐವತ್ತಕ್ಕೇ ಬಂತಲ್ಲ ಎಂದು ನಾನು ಚಾದರ ಮುಸುಕೆಳೆದು ಮಲಗುತ್ತಿದ್ದೆ.

ಮೊದಲ ವಾರವೇ ಒಂದು ಫಜೀತಿಯಾಯಿತು. ನಮ್ಮ ಕಡೆ ಡ್ರೈವರು ಗಾಡಿ ಬಿಟ್ಟು ರಸ್ತೆಯ ಮೇಲೆ ಓಡುತ್ತಿದ್ದಾನೆ ಅಂದರೆ ಅರ್ಥ ಒಂದೇ, ಗಾಡಿ ಕೆಟ್ಟಿದೆ. ಖಾಕಿಯಲ್ಲಿ ಓಡುತ್ತಿದ್ದ ಅವರನ್ನು ನೋಡಿದ ಮೊದಲ ಹಳ್ಳಿಯವರು ಮುಂದಿನ ಹಳ್ಳಿಗೆ ಫೋನ್ ಮಾಡಿದರು. ಅವರನ್ನು ತಡೆದು ಕೇಳಬೇಕೆಂದು ಒಬ್ಬನಿಗೂ ಅನ್ನಿಸಲಿಲ್ಲ, ಕೇಳುವಂಥದ್ದೇನಿದೆ! ಎರಡು ಟಂಟಂ ಬಂದವು, ಕಾಲೇಜಿನ ಹುಡುಗಿಯರು, ಹಾಲಿನವರು, ಕೋರ್ಟಿಗೆ ಹೋಗುವವರು ಎಲ್ಲ ಹತ್ತಿ ಹೋದರು. ನಾವು ಆರಕ್ಕೆ ಸರಿಯಾಗಿ ಗಾಡಿ ಬಿಟ್ಟೆವು. ಯಾವ ಸ್ಟಾಪಿಗೆ ಹೋದರೂ ನರಪಿಳ್ಳೆ ಇಲ್ಲ. ಮೂರನೆಯ ಸ್ಟಾಪಿನ ಕಟ್ಟೆಯ ಮೇಲೆ ಒಬ್ಬ ಮುದುಕ ಕೂತಿದ್ದ. ನಾನು ಇಳಿದು, “ಹತ್ತ್ರಿ ಅಜ್ಜಾರ” ಅಂದೆ.

“ಇಲ್ಲ ತಮ್ಮಾ, ಗಾಡಿ ಕೆಟ್ಟೇತಂತ. ನಾ ಸುಮ್ನ ಬಿಸಿಲು ಕಾಸಾಕ ಕುಂತೇನಿ” ಅಂದ, ಗಾಡಿಯನ್ನೇ ನೋಡುತ್ತ.

ಆವತ್ತು ಬರಿದಾದ ಗಾಡಿ ತಂದದ್ದಕ್ಕೆ ಡಿಪೋದಲ್ಲಿ ನನ್ನಿಂದ ಕಾರಣ ಬರೆಸಿಕೊಂಡರು. ‘ಚಾಲಕರು ಓಡಿದ್ದರಿಂದ ಪ್ರಯಾಣಿಕರು ಬರಲಿಲ್ಲ’ ಎಂದು ಬರೆದುಕೊಟ್ಟೆ. ಓದಿದವರು ನನ್ನ ಮುಖವನ್ನೊಮ್ಮೆ ಕಾಗದವನ್ನೊಮ್ಮೆ ನೋಡಿದರು. ಸಾಹೇಬ್ರು ಅಂದೇ ಊರೂರಿಗೆ ಸಾರಿಕೊಂಡು ಬಂದರು: “ಖಾಕಿ ಹಾಕ್ಕೊಂಡು ಓಡಿದ್ರ ಗಾಡಿ ಕೆಟ್ಟೇತಿ. ಬಿಳೇ ಬನೀನ್ ಹಾಕ್ಕೊಂಡು ಓಡಿದ್ರ ಗಾಡಿ ಚಲೋ ಐತಿ. ನೆನಪಿರಲ್ರಿ.” ಮೂರು ವರ್ಷ ಅವರು ಓಡಿದ್ದು ಬಿಳಿ ಬನಿಯನ್ನಿನಲ್ಲಿ.

ಅವರ ಓಟ ನೋಡಬೇಕಿತ್ತು. ರಸ್ತೆಯ ಎಡಗಡೆಯನ್ನು ಒಂದು ಗೇಣು ಬಿಡುತ್ತಿರಲಿಲ್ಲ. ಬಲಕ್ಕೆ ತಿರುಗುವಾಗ ಬಲಗೈ ಉದ್ದಕ್ಕೆ ಚಾಚುತ್ತಿದ್ದರು, ಹಿಂದೆ ಒಂದು ನಾಯಿ ಕೂಡ ಇಲ್ಲದಿದ್ದರೂ. ಏರು ಬಂದರೆ “ಸೆಕೆಂಡ್ ಗೇರ್” ಎಂದು ತಮಗೆ ತಾವೇ ಹೇಳಿಕೊಂಡು ಹೆಜ್ಜೆ ಸಣ್ಣ ಮಾಡುತ್ತಿದ್ದರು. ಎಲ್ಲಕ್ಕಿಂತ ವಿಚಿತ್ರವೆಂದರೆ ಬಸ್ ಸ್ಟಾಪು ಬಂದಲ್ಲೆಲ್ಲ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಒಂದೆರಡು ಕ್ಷಣ ನಿಂತಲ್ಲೇ ಕಾಲಾಡಿಸಿ ಮುಂದಕ್ಕೆ ಹೊರಡುತ್ತಿದ್ದರು. “ಏನ್ ಮಾಡೂದ್ರಿ, ಕಾಲಿಗೆ ರೂಟ್ ಬಾಯಿಪಾಠ ಆಗೇತಿ” ಅನ್ನುತ್ತಿದ್ದರು.

ಯಾಕೆ ಓಡುತ್ತೀರಿ ಎಂದು ಕೇಳಿದವರಿಗೆಲ್ಲ ಉತ್ತರ ಸಿಗುತ್ತಿತ್ತು, ಆದರೆ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಬಂಕಾಪುರದ ಚಹಾದಂಗಡಿಯವನಿಗೆ ಸಕ್ಕರೆ ಕಾಯಿಲೆ ಅಂದಿದ್ದರು. ಅವನು ಪಾಪ, ಮೂರು ವರ್ಷ ಅವರಿಗೆ ಸಪ್ಪೆ ಚಹಾ ಕೊಟ್ಟ. ಅವರಿಗೆ ಸಕ್ಕರೆಯೇ ಇರಲಿಲ್ಲ. ಡಿಪೋದ ಮೆಕ್ಯಾನಿಕ್‌ಗೆ, ರಿಟೈರ್ ಆದ ಮೇಲೆ ಗಾಡಿ ಡಿಪೋದ ಪಾಲು, ಕಾಲು ನನ್ನ ಪಾಲು ಅಂದಿದ್ದರು. ನಮ್ಮ ಮನೆಗೆ ಹೋಳಿಗೆ ಊಟಕ್ಕೆ ಬಂದಾಗ ನನ್ನ ಹೆಂಡತಿ ಕೇಳಿದಳು. “ನಿಮ್ಮ ಯಜಮಾನ್ರ ಬಾಯಿಂದ ಒಂದು ತಾಸು ದೂರ ಹೋಗಾಕ ನೋಡ್ರಿ ಅಕ್ಕಾರ” ಅಂದರು. ಅವಳು ಅದನ್ನೇ ನಿಜವೆಂದು ಹಿಡಿದಿದ್ದಾಳೆ. ಹಿರೇಕೆರೂರು ನಿಲ್ದಾಣದ ಕಂಟ್ರೋಲರಿಗೆ ಮಾತ್ರ ಬೇರೆಯೇ ಹೇಳಿದ್ದರು: “ಇಪ್ಪತ್ತೈದು ವರ್ಷ ಈ ರಸ್ತಾದ ಮ್ಯಾಲೆ ಹಾದೇನ್ರಿ. ಒಂದ ದಿನಾನೂ ಕಾಲಿಂದ ಮುಟ್ಟಿ ನೋಡಿರಲಿಲ್ಲ.” ಇಷ್ಟರಲ್ಲಿ ಯಾವುದು ಖರೆ, ಯಾವುದು ಸುಳ್ಳು? ಎಲ್ಲವೂ ಖರೆ ಇರಬಹುದು. ಒಂದೂ ಇರಲಿಕ್ಕಿಲ್ಲ. ನನಗೆ ತಲೆ ಚಿಟ್ಟು ಹಿಡಿದು ಕೇಳುವುದನ್ನೇ ಬಿಟ್ಟೆ.

ಎರಡನೆಯ ವರ್ಷ ಯಾರೋ ಹುರಿದುಂಬಿಸಿ ಅವರನ್ನು ದೊಡ್ಡ ಊರಿನ ಒಂದು ಓಟಕ್ಕೆ ಕಳಿಸಿದರು. ಎದೆಗೆ ನಂಬರು ಅಂಟಿಸಿಕೊಂಡು ಓಡಿ, ಕೊರಳಿಗೆ ಪದಕ ಹಾಕಿಕೊಂಡು ಬಂದರು. ಮುಖ ಮಾತ್ರ ಸಪ್ಪಗಿತ್ತು.

“ಹೆಂಗಾತ್ರಿ?” ಅಂದೆ.

“ಎಲ್ಲಾರೂ ಕೈಯಾಗಿನ ಗಡಿಯಾರ ನೋಡ್ಕೋಂತ ಓಡ್ತಾರ್ರಿ. ಎಲ್ಲಿಗೆ ಹೊಂಟೇವಿ ಅಂತ ಬಾಜೂದಂವನ್ನ ಕೇಳಿದ್ನಿ. ಹೊಳ್ಳಿ ಹೊಂಟಲ್ಲೇ ಬರ್ತೇವಿ ಅಂದ. ಹೊಂಟಲ್ಲೇ ಬರೂದಾದ್ರ ಯಾಕ ಹೋಗಬೇಕ್ರಿ ಸ್ವಾಮ್ಯಾರ?”

ದಿನಾ ಗುಡಿಯಿಂದ ಹೊರಟು ಗುಡಿಗೇ ಬರುತ್ತಿದ್ದವರ ಮಾತು ಇದು! ಅಂದೇ ಅವರ ತಲೆಯಲ್ಲಿ ಹೊಸ ಹುಳು ಹೊಕ್ಕಿತು. ಸವಣೂರಿನಿಂದ ಹಾನಗಲ್ಲಿನವರೆಗೆ ಓಡಬೇಕು. ಶಿಗ್ಗಾಂವಿಗೆ ಹೋಗದೆ ನೇರ ಬಂಕಾಪುರದ ಮೇಲೆ ಹೋದರೆ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರು. ಒಂದೂರಲ್ಲಿ ಹತ್ತಿ ಇನ್ನೊಂದೂರಲ್ಲಿ ಇಳಿದರೆ ಅದು ಪ್ರಯಾಣ, ಉಳಿದದ್ದು ಗಾಣದೆತ್ತಿನ ತಿರುಗಾಟ ಅನ್ನುತ್ತಿದ್ದರು. ಒಂದು ವರ್ಷ ಅದಕ್ಕಾಗಿ ತಯಾರಿ ನಡೆಸಿದರು. ಎಲೆ ಬಿಟ್ಟರು. ಹೊಟ್ಟೆ ಸ್ಟೇರಿಂಗಿನಿಂದ ದೂರ ಸರಿಯಿತು. ಚಳಿಗಾಲದ ಒಂದು ರಜೆಯ ದಿನ ನಿಗದಿಯಾಯಿತು. ನಾನು ಬೈಕಿನ ಮೇಲೆ ನೀರು, ಲಿಂಬೆಹಣ್ಣು, ಬೆಲ್ಲ ಹಿಡಿದು ಹಿಂದೆ ಬರಬೇಕು.

ಆ ದಿನಕ್ಕೆ ಒಂದು ವಾರ ಇರುವಾಗ ಅವರ ಹೆಂಡತಿ ಸವಣೂರು ನಿಲ್ದಾಣಕ್ಕೆ ಬುತ್ತಿ ತಂದರು. ಅವರನ್ನು ನಾನು ಭಾಭಿ ಅನ್ನುತ್ತಿದ್ದೆ. ಬುತ್ತಿ ತರುವ ಹುಡುಗ ಬೇರೆ ಇದ್ದ, ಭಾಭಿ ಬಂದದ್ದು ಅದಕ್ಕಲ್ಲ. ಸಾಹೇಬ್ರು ಗಾಡಿಯ ಕೆಳಗೆ ಏನೋ ನೋಡುತ್ತಿದ್ದಾಗ ನನ್ನನ್ನು ನೀರಿನ ಟಾಕಿಯ ಕಡೆ ಕರೆದರು.

“ಅಣ್ಣಾರ, ಶಿಗ್ಗಾಂವ್ಯಾಗ ಡಾಕ್ಟರ್ ಇಸಿಜಿ ತಗದು ನೋಡ್ಯಾರ. ಎದ್ಯಾಗ ಏನೋ ಫರಕ ಐತಿ, ದೊಡ್ಡ ದವಾಖಾನಿಗೆ ತೋರಸ್ರಿ, ಅಲ್ಲೀಮಟ ಓಡಬ್ಯಾಡ್ರಿ ಅಂದಾರ. ಇವರು ಕಿವಿಮ್ಯಾಲೇ ಹಾಕ್ಕೊಳವಲ್ರು. ನಾ ಹುಲಗೂರು ದರ್ಗಾಕ ಹೋಗಿ ಬೇಡಿಕೊಂಡು ಬಂದೇನಿ. ಆದ್ರ ನಿಲ್ಲಸೋರು ನೀವ.”

“ನಾ ಹೇಳಿದ್ರ ಕೇಳ್ತಾರೇನ್ರಿ?”

“ಬ್ಯಾರೆ ಯಾರ ಮಾತಿಗೂ ನಿಂದ್ರೂದಿಲ್ಲ. ನೀವು ಹೋಲ್ಡಾನ್ ಅಂದ್ರ ನಿಂದರ್ತಾರ. ಚೂರು ದಣದಂಗ ಕಂಡ್ರೂ ಅಂದುಬಿಡ್ರಿ ಅಣ್ಣಾರ. ನನ್ನ ಆಣಿ.”

ಆಗಲಿ ಅಂದೆ. ಹೇಳಿದಷ್ಟು ಸುಲಭವೇ ಅದು? ಹಿರೇಕೆರೂರಿನಲ್ಲಿ ಗಾಡಿ ಖಾಲಿಯಾದಾಗ ಸಾಹೇಬ್ರನ್ನೇ ಕೇಳಿದೆ, ಡಾಕ್ಟರ್ ಏನಂದರು ಎಂದು. ಹೆಂಡತಿ ಹೇಳಿದ್ದಾರೆ ಎಂದು ಅವರಿಗೆ ಗೊತ್ತಾಯಿತು, ಬೇಸರ ಮಾಡಿಕೊಳ್ಳಲಿಲ್ಲ.

“ನಮ್ಮ ಗಾಡೀಗೂ ಫರಕ ಐತಿ ಅಂತ ಹತ್ತು ವರ್ಷದಿಂದ ಹೇಳಾಕತ್ತಾರ. ಓಡಾಕತ್ತಿಲ್ಲೇನು? ಹಾನಗಲ್ಲ ಮುಟ್ಟಿದ ಮರುದಿನಾನ ತೋರಸ್ತೇನಿ. ನೀವು ಹಿಂದಿರ್ರಿ ಸಾಕು. ನೀವು ಹಿಂದಿದ್ರ ನನಗ ಚಿಂತಿಲ್ಲ.”

ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಶಾಲೆಯಲ್ಲಿ ಓದಿದ್ದೆ. ಅರ್ಥ ಆ ವಾರ ತಿಳಿಯಿತು.

ಆ ದಿನ ಬೆಳಗಿನ ನಮಾಜು ಮುಗಿಸಿ ಸವಣೂರು ಬಿಟ್ಟರು. ಮಂಜು ಇತ್ತು. ನಾನು ಹತ್ತು ಮಾರು ಹಿಂದೆ ಬೈಕನ್ನು ಮೊದಲ ಗೇರಿನಲ್ಲಿ ಗುರುಗುಟ್ಟಿಸುತ್ತ ಹೋಗುತ್ತಿದ್ದೆ. ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು. ಸಾಹೇಬ್ರು ಒಂದು ಕಾಳನ್ನೂ ತುಳಿಯದೆ, ಕೈ ತೋರಿಸಿ ಸುತ್ತುಹಾಕಿ ಹೋದರು. ಎದುರಿಗೆ ಬಂದ ನಮ್ಮ ಡಿಪೋದ ಗಾಡಿಗಳು ಹಾರ್ನ್ ಹೊಡೆದವು. ಜೋಳ ಕಾಯುತ್ತಿದ್ದ ಹೆಂಗಸೊಬ್ಬಳು “ಸಾಹೇಬ್ರ, ಗಾಡಿ ಕೆಟ್ಟೇತೇನ್ರಿ?” ಎಂದು ಕೂಗಿದಳು. “ಬಿಳೇ ಬನೀನ್ ಐತ್ಯವ್ವ, ನೋಡು!” ಎಂದು ಇವರು ಓಡುತ್ತಲೇ ಕೂಗಿದರು. ಬಂಕಾಪುರದಲ್ಲಿ ಚಹಾದವನು ಸಪ್ಪೆ ಚಹಾ ಹಿಡಿದು ರಸ್ತೆಗೇ ಬಂದಿದ್ದ. ಒಂದು ಗುಟುಕು ಕುಡಿದು ಲೋಟ ಕೊಟ್ಟು ಹೊರಟರು. ಆಗ ಅವರ ಓಟ ಎಷ್ಟು ಹಗುರಾಗಿತ್ತೆಂದರೆ ನನಗೆ ಭಾಭಿಯ ಮಾತು ಮರೆತೇ ಹೋಗಿತ್ತು.

ಬಂಕಾಪುರ ದಾಟಿ ನಾಲ್ಕೈದು ಕಿಲೋಮೀಟರಿನ ಮೇಲೆ ಅವರ ಎಡಗೈ ಬೀಸುವುದು ನಿಂತಿತು. ಮೊಣಕೈ ಮಡಚಿ ಎದೆಗೆ ಒತ್ತಿಕೊಂಡಂತೆ ಕಾಣುತ್ತಿತ್ತು. ಪಕ್ಕೆ ಹಿಡಿದಿರಬೇಕು ಅಂದುಕೊಂಡೆ. ಹೋಲ್ಡಾನ್ ಅನ್ನಬೇಕೆಂದು ಬಾಯಿ ತೆರೆದೆ. ಆದರೆ ಹಾನಗಲ್ಲಿನ ನಿಲ್ದಾಣದಲ್ಲಿ ಡಿಪೋದವರು ಹಾರ ಹಿಡಿದು ಕಾಯುತ್ತಿದ್ದಾರೆ. ಈ ಮನುಷ್ಯ ಒಂದು ವರ್ಷ ಎಲೆ ಮುಟ್ಟಿಲ್ಲ. ನಾನು ನಿಲ್ಲಿಸಿದರೆ ಸುಮ್ಮನೆ ನಿಂತುಬಿಡುತ್ತಾರೆ, ಯಾಕೆ ಅಂತ ಕೂಡ ಕೇಳುವುದಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಜಗಳ ಮಾಡುವ ಮನುಷ್ಯನಾಗಿದ್ದರೆ ನಾನು ಅಲ್ಲೇ ಅಂದುಬಿಡುತ್ತಿದ್ದೆ. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ನನ್ನ ಡ್ರೈವರ್ ಸವಣೂರಿನಿಂದ ಹಾನಗಲ್ಲಿಗೆ ಓಡಿದ ಎಂದು ಹೇಳಿಕೊಳ್ಳುವ ಆಸೆ ನನಗೂ ಇತ್ತು.

ಮುಂದೆ ಒಂದು ಹಳ್ಳಿಯ ಸ್ಟಾಪು ಬಂತು. ಎಂದಿನಂತೆ ಕಾಲು ನಿಧಾನವಾಯಿತು, ನಿಂತಲ್ಲೇ ಕಾಲಾಡಿಸಿದರು. ಆದರೆ ಈ ಸಲ ಹೊರಡಲಿಲ್ಲ. ಹಿಂದಕ್ಕೆ ತಿರುಗಲೂ ಇಲ್ಲ. ಹಾಗೇ ಹತ್ತು, ಹದಿನೈದು ಎಣಿಸುವಷ್ಟು ಹೊತ್ತು. ನಾನು ರೂಢಿಯ ಮೇಲೆ “ರೈಟ್” ಅಂದೆ. ಹೊರಟರು.

ಆಮೇಲೆ ಒಂದು ತಾಸಿಗೂ ಹೆಚ್ಚು ಹೊತ್ತು ಓಡಿದರು. ಹಾನಗಲ್ಲ ಆರು ಕಿಲೋಮೀಟರ್ ಎಂಬ ಕಲ್ಲು ಕಂಡಾಗ ನನ್ನ ಜೇಬಿನ ಮೊಬೈಲು ಬಡಿದುಕೊಂಡಿತು. ಭಾಭಿ. ನಾನು ಎತ್ತಲಿಲ್ಲ. ಎತ್ತಿ ಏನು ಹೇಳಲಿ? ಅದು ನಿಂತು ಮತ್ತೆ ಬಡಿದುಕೊಂಡಿತು. ಎದುರಿಗೆ ಸಾಹೇಬ್ರ ಹೆಜ್ಜೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋದಂತೆ ಕಂಡಿತು. ಕಂಡಿತೋ, ಕಂಡಂತೆ ಅನ್ನಿಸಿತೋ, ದೇವರಾಣೆಗೂ ಗೊತ್ತಿಲ್ಲ.

“ಹೋಲ್ಡಾನ್!”

ಎಷ್ಟು ಜೋರಾಗಿ ಕೂಗಿದ್ದೆನೆಂದರೆ ಹೊಲದಲ್ಲಿದ್ದವರು ತಲೆ ಎತ್ತಿದರು. ಸಾಹೇಬ್ರು ಗಾಡಿ ನಿಲ್ಲಿಸುವ ಹಾಗೆಯೇ ನಿಂತರು. ಕೈ ತೋರಿಸಿದರು, ವೇಗ ಇಳಿಸಿದರು, ಡಾಂಬರು ಬಿಟ್ಟು ಎಡಕ್ಕೆ ಇಳಿದರು, ಜಾಲಿಗಿಡದ ಕೆಳಗೆ ನನಗೆ ಬೆನ್ನು ಮಾಡಿ ಕೂತರು. ನೀರು ಕೊಟ್ಟೆ. ಕುಡಿದರು. ಬಹಳ ಹೊತ್ತಿನ ಮೇಲೆ, “ಇಳಿಯೋರು ಇದ್ರೇನ್ರಿ ಸ್ವಾಮ್ಯಾರ?” ಅಂದರು, ಆ ಕಡೆಯೇ ನೋಡುತ್ತ. ನನಗೆ ಅಳು ಬಂತು. ಹಾನಗಲ್ಲಿಗೆ ಬೈಕಿನ ಮೇಲೆ ಹೋಗೋಣ ಅಂದರೆ ಒಲ್ಲೆ ಅಂದರು. ಹಿಂದೆ ಕೂರಿಸಿಕೊಂಡು ಸವಣೂರಿಗೆ ವಾಪಸು ತಂದೆ. ದಾರಿಯುದ್ದಕ್ಕೂ ಅವರ ಹಣೆ ನನ್ನ ಬೆನ್ನಿಗೆ ಒರಗಿತ್ತು.

ಮರುದಿನ ಡಿಪೋದಲ್ಲಿ ಕೇಳಿದವರಿಗೆಲ್ಲ ಸಾಹೇಬ್ರು ಒಂದೇ ಮಾತು ಹೇಳಿದರು. ಅವರು ಒಬ್ಬೊಬ್ಬರಿಗೆ ಒಂದೊಂದು ಥರ ಹೇಳದ ಮಾತು ಅದೊಂದೇ. “ಸ್ವಾಮ್ಯಾರು ನಿಲ್ಲಿಸಿದ್ರು. ಇಲ್ಲಾಂದ್ರ ಹಾನಗಲ್ಲ ಏನು, ಹಿರೇಕೆರೂರಮಟ ಹೋಗ್ತಿದ್ನಿ.” ನಗುತ್ತಲೇ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದಿರಲ್ಲ ಸ್ವಾಮ್ಯಾರ ಎಂದು ಮೆಕ್ಯಾನಿಕ್ ನನ್ನ ಮುಖಕ್ಕೇ ಅಂದ. ಜೊತೆಯವನ ಏಳಿಗೆ ಕಂಡು ಹೊಟ್ಟೆ ಉರಿಯಿತೇನೋ ಎಂದು ಹಿಂದಿನಿಂದ ಆಡಿಕೊಂಡವರೂ ಇದ್ದರು. ಎದೆಯ ಸುದ್ದಿ ಅವರ ಮನೆಯ ಮಾತು, ಹೀಗಾಗಿ ಭಾಭಿಗೆ ಕೊಟ್ಟ ಮಾತನ್ನು ನಾನು ಯಾರ ಮುಂದೆಯೂ ಆಡುವಂತಿರಲಿಲ್ಲ.

ಅವರು ಮತ್ತೆ ಓಡಲಿಲ್ಲ. ಅಬಲೂರಿನಲ್ಲಿ ನಸುಕಿನಲ್ಲಿ ಎದ್ದು ಗುಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು, ಅಷ್ಟೆ. ಒಂದು ತಿಂಗಳು ತುಂಬುವುದರೊಳಗೆ ಕಣ್ಣು ಮಂಜಾಗಿದೆ ಎಂದು ಬರೆದುಕೊಟ್ಟು ಡಿಪೋದ ಒಳಗಿನ ಕೆಲಸ ಕೇಳಿ ಪಡೆದರು. ನನಗೆ ಮೊದಲು ಹೇಳಲೂ ಇಲ್ಲ. ಒಂದು ಬೆಳಿಗ್ಗೆ ನಮ್ಮ ಸೀಟಿನಲ್ಲಿ ಬೇರೆ ಡ್ರೈವರ್ ಕೂತಿದ್ದ. ಅವರ ಕಣ್ಣು ಹದ್ದಿನ ಕಣ್ಣು, ಎರಡು ಫರ್ಲಾಂಗಿನ ಆಚೆ ನಿಂತವಳ ಕೈಯಲ್ಲಿರುವುದು ಕೋಳಿಯೋ ಚೀಲವೋ ಹೇಳುತ್ತಿದ್ದರು. ಮಂಜಂತೆ! ಎದೆಯನ್ನು ದೊಡ್ಡ ದವಾಖಾನೆಗೆ ತೋರಿಸಿದರೋ ಇಲ್ಲವೋ ಎಂದು ಕೇಳುವ ಮುಖ ನನಗಿರಲಿಲ್ಲ. ನನ್ನ ಜೊತೆ ಡ್ಯೂಟಿ ಮಾಡಲು ಮನಸ್ಸಿಲ್ಲ, ಅದನ್ನು ನೇರ ಹೇಳಲು ಬಾಯಿಲ್ಲ ಎಂದು ನಾನು ತಿಳಿದೆ. ಎಂಟು ವರ್ಷ ಹಾಗೇ ತಿಳಿದಿದ್ದೆ. ಡಿಪೋದಲ್ಲಿ ಸಿಕ್ಕರೆ ಸ್ವಾಮ್ಯಾರ ಅನ್ನುತ್ತಿದ್ದರು, ಚಹಾ ತರಿಸುತ್ತಿದ್ದರು, ಮನೆಯವರನ್ನು ಕೇಳುತ್ತಿದ್ದರು. ಆ ಮುಂಜಾನೆಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೊಸ ಡ್ರೈವರಿಗೆ ಹೋಲ್ಡಾನ್ ಅನ್ನುವಾಗ ಎಷ್ಟೋ ದಿನ ನನ್ನ ನಾಲಿಗೆ ತಡವರಿಸುತ್ತಿತ್ತು, ಸ್ಟಾಪು ದಾಟಿಸಿ ಇಳಿಸಿದೆನೆಂದು ಜನ ಬೈಯುತ್ತಿದ್ದರು.

ರಿಟೈರ್ ಆಗಿ ಎರಡು ವರ್ಷಕ್ಕೆ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮಣ್ಣಿಗೆ ಹೋಗಿದ್ದೆ, ಗದ್ದಲದಲ್ಲಿ ಯಾರ ಜೊತೆಗೂ ಮಾತಾಗಲಿಲ್ಲ. ನಲವತ್ತನೆಯ ದಿನದ ಊಟಕ್ಕೆ ಅವರ ಅಳಿಯ ಬಂದು ಕರೆದ. ಊಟ ಮುಗಿಸಿ ಹೊರಡುವಾಗ ಮಗಳು, “ಕಾಕಾ, ಅಮ್ಮಿ ನಿಮ್ಮ ಕೂಡ ಮಾತಾಡಬೇಕಂತ” ಎಂದು ಪಡಸಾಲೆಗೆ ಕರೆದುಕೊಂಡು ಹೋದಳು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವರಲ್ಲಿ ಹೆಂಗಸರು ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ಬಾಗಿಲಿಗೆ ಪರದೆ ಇಳಿಬಿಟ್ಟಿದ್ದರು. ಭಾಭಿ ಅದರ ಆಚೆ ಕೂತು ಮಾತಾಡಿದರು.

“ಅಣ್ಣಾರ, ಇಷ್ಟು ವರ್ಷ ನಿಮಗ ಒಂದು ಮಾತು ಹೇಳಲಿಲ್ಲ. ನಾ ಇರೋಮಟ ಹೇಳಬ್ಯಾಡ ಅಂದಿದ್ರು. ಆ ದಿನ ಬಂಕಾಪುರ ದಾಟಿದ ಕೂಡ್ಲೇ ಅವರಿಗೆ ಎದಿ ಹಿಡದಿತ್ತಂತ. ಸ್ವಾಮ್ಯಾರು ಈಗ ಅಂತಾರ, ಇನ್ನೊಂದು ಚೂರಿಗೆ ಅಂತಾರ ಅಂತ ಓಡಿದ್ನಿ ಅಂದ್ರು. ನಿಲ್ಲಿಸಿದ್ದಕ್ಕ ಉಳಕೊಂಡ್ನಿ ಅಂದ್ರು. ಮುಂದಿನ ವಾರನ ಹುಬ್ಬಳ್ಳಿಗೆ ಹೋಗಿ ತೋರಿಸಿದ್ವಿ. ಗಾಡಿ ಓಡಸಬ್ಯಾಡ್ರಿ ಅಂದ್ರು ಡಾಕ್ಟರ್. ಎದಿ ಅಂತ ಬರದ್ರ ಎಲ್ಲಾರೂ ಮರಮರ ಮರಗ್ತಾರ ಅಂತ ಕಣ್ಣು ಅಂತ ಬರದ್ರು. ನಿಮ್ಮಿಂದ ಎಂಟು ವರ್ಷ ಹೆಚ್ಚಿಗಿ ಇದ್ರು ಅಣ್ಣಾರ.”

ನಿಲ್ಲಿಸಬಾರದಿತ್ತು ಎಂದು ಎಂಟು ವರ್ಷ ಕೊರಗಿದವನು ನಾನು. ಈಗ ನೋಡಿದರೆ ಒಂದೂವರೆ ತಾಸು ಮೊದಲೇ ನಿಲ್ಲಿಸಬೇಕಿತ್ತು. ಆ ಹಳ್ಳಿಯ ಸ್ಟಾಪಿನಲ್ಲಿ ಅವರು ನಿಂತು ಕಾದದ್ದು ನನ್ನ ಮಾತಿಗೆ. ನಾನು ರೈಟ್ ಅಂದು ಕಳಿಸಿದ್ದೆ.

“ಮತ್ತ ಡಿಪೋದಾಗ ಹಿರೇಕೆರೂರಮಟ ಹೋಗ್ತಿದ್ನಿ ಅಂತಿದ್ರಲ್ರಿ ಭಾಭಿ?” ಅಂದೆ.

ಪರದೆಯ ಆಚೆಯಿಂದ ಭಾಭಿ ಅಂದರು:

“ಅಲ್ಲಿ ಹಂಗ ಅಂದ್ರು, ಮನ್ಯಾಗ ಹಿಂಗ ಅಂದ್ರು. ನನ್ನ ಸಮಾಧಾನಕ್ಕ ಅಂದ್ರೋ, ಖರೇನ ಅಂದ್ರೋ, ನನಗೂ ತಿಳೀಲಿಲ್ಲ ಅಣ್ಣಾರ. ನಿಮಗೇನರ ತಿಳದಿತ್ತೇನು? ನೀವು ಅವರ ಕೂಡ ಇದ್ರಲ್ಲ.”

ಇದನ್ನು ನನ್ನ ಮನಸ್ಸು ಹಗುರ ಮಾಡಲು ಕೇಳಿದರೋ, ತಪ್ಪು ತೋರಿಸಲು ಕೇಳಿದರೋ, ಪರದೆಯ ಈಚೆ ಕೂತ ನನಗೆ ಗೊತ್ತಾಗಲಿಲ್ಲ. ಕೈ ಮುಗಿದು ಎದ್ದು ಬಂದೆ.

ಸವಣೂರು ನಿಲ್ದಾಣದಲ್ಲಿ ಹಾನಗಲ್ಲ ಗಾಡಿ ನಿಂತಿತ್ತು. ಹತ್ತಿ ಪ್ರಯಾಣಿಕನ ಹಾಗೆ ಕೂತೆ. ಬಸ್ಸು ಬಂಕಾಪುರ ದಾಟಿತು. ಭಾಭಿಯ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಇದ್ದೆ. ಹದಿನೆಂಟು ವರ್ಷ ಬಸ್ಸಿನಲ್ಲಿ ನನಗೆ ಕಾಣುತ್ತಿದ್ದದ್ದು ಅವರ ಬೆನ್ನು. ಆ ದಿನ ಈ ರಸ್ತೆಯ ಮೇಲೂ ನಾನು ಅದನ್ನೇ ನೋಡುತ್ತ ಹೋದೆ. ಬೈಕು ನನ್ನ ಕೈಯಲ್ಲಿತ್ತು. ರಸ್ತೆ ಖಾಲಿ ಇತ್ತು. ಒಂದೇ ಒಂದು ಸಲ ಮುಂದೆ ಹೋಗಿ, ತಿರುಗಿ, ಅವರ ಮುಖ ನೋಡಬಹುದಿತ್ತು.